ಹೆಂಟೆ ಒಡೆದ ಅಪ್ಪ

ಬಾನಿತುವಿನ ಗಂಡನಿಗೆ ಇಬ್ಬರು ಅಪ್ಪಂದಿರು. ಹುಟ್ಟಿಸಿದವನು ಕೈಬಿಟ್ಟ. ಮಗನೇ ಎಂದು ಕರೆದವನು ಕೊಂದ. ಒಬ್ಬ ಅವಳ ಮಾವ, ಇನ್ನೊಬ್ಬ ದೇವರು. ಇಬ್ಬರನ್ನೂ ಅವಳು ಇವತ್ತಿಗೂ ಕ್ಷಮಿಸಿಲ್ಲ.

ಅವಳು ಹುಟ್ಟಿದ್ದು ನಿನೆವೆಯ ಇಟ್ಟಿಗೆಯವರ ಕೇರಿಯಲ್ಲಿ. ಅಪ್ಪ ಹುಲ್ಲು ಕಲಸಿದ ಮಣ್ಣು ತುಳಿಯುತ್ತಿದ್ದ, ಅವಳು ಅಚ್ಚಿಗೆ ತುಂಬಿ ಬಿಸಿಲಿಗೆ ಇಡುತ್ತಿದ್ದಳು. ಚಿಕ್ಕಂದಿನಿಂದಲೇ ಅವಳ ಕೈಯೆಲ್ಲ ಬಿರುಕು. ಇಂಥ ಕೈಯವಳನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ಅವಳಮ್ಮ ಕೊರಗುತ್ತಿದ್ದಳು. ಅಹೂನಿ ಕಟ್ಟಿಕೊಂಡ. ಅರಮನೆ ತೋಟದಲ್ಲಿ ದಾಳಿಂಬೆ ಗಿಡ ನೋಡಿಕೊಳ್ಳುವವನು. ಮದುವೆಯ ದಿನ ಅವಳ ತಲೆಗೆ ಎಣ್ಣೆ ಸುರಿದು, ಕೈ ಹಿಡಿದು ನೋಡಿ, "ನನ್ನ ಕೈಯಲ್ಲೂ ಬರೀ ಮುಳ್ಳು, ಸರಿಹೋಯ್ತು ಬಿಡು" ಅಂದ. ಅಷ್ಟೇ. ಅವನು ಹೆಚ್ಚು ಮಾತಾಡುವವನಲ್ಲ. ಹಸಿ ಈರುಳ್ಳಿ ಕಡಿಯುತ್ತ, ಗಿಡದ ಬುಡದಲ್ಲಿ ಕೂತು, ನೀರು ಸರಿಯಾಗಿ ಸುತ್ತಿಕೊಂಡು ಹೋಗುತ್ತಿದೆಯೋ ಇಲ್ಲವೋ ನೋಡುತ್ತಿದ್ದ. ದಿನವೆಲ್ಲ ಬಾಯಾರಿಕೆ ಅನ್ನುತ್ತಿದ್ದ. ಮನೆಗೆ ಬಂದವನೇ ಗಡಿಗೆ ಎತ್ತಿ ಗಟಗಟ ಕುಡಿದು, ಗಡ್ಡವೆಲ್ಲ ಒದ್ದೆ ಮಾಡಿಕೊಂಡು ಕೂರುತ್ತಿದ್ದ.

ಮನೆ ಕಾಲುವೆಯ ಪಕ್ಕ. ಮಾವ ಸುಕ್ಕಾಯ ಅದೇ ತೋಟದಲ್ಲಿ ಏತ ಎಳೆಯುವವನು. ಅತ್ತೆ ದಮ್ಕಾಯ. ಬಾನಿತು ಮೂವರನ್ನು ಹೆತ್ತಳು. ಇಬ್ಬರು ಗಂಡು ಕೂಸುಗಳು ಹಲ್ಲು ಬರುವ ಮೊದಲೇ ಹೋದವು. ಮೇಸಾ ಎಂಬ ಹುಡುಗಿ ಉಳಿಯಿತು.

ಎಲ್ಲರ ಮನೆಯಲ್ಲಿರುವಂತೆ ಆ ಮನೆಯ ಒಳಕೋಣೆಯ ನೆಲದಡಿಯಲ್ಲೂ ಆ ಮನೆಯ ಸತ್ತವರು ಮಲಗಿದ್ದರು. ನೆಲದಿಂದ ಕೆಳಕ್ಕೆ ಒಂದು ಮಣ್ಣಿನ ಕೊಳವೆ. ಪ್ರತಿ ಅಮಾವಾಸ್ಯೆಗೆ ಸುಕ್ಕಾಯ ಅದರ ಮುಂದೆ ಕೂತು ನೀರು ಬಿಡುತ್ತ ಒಬ್ಬೊಬ್ಬರ ಹೆಸರು ಕರೆಯುತ್ತಿದ್ದ. ಅವನಪ್ಪ, ತಾತ, ಮುತ್ತಾತ, ಆಮೇಲೆ ಆ ಎರಡು ಕೂಸುಗಳು. ಹೆಸರು ಕರೆಸಿಕೊಂಡವರು ಬಂದು ಕುಡಿಯುತ್ತಾರೆ. ಕರೆಯುವವರಿಲ್ಲದವರು ಬೀದಿಯಲ್ಲಿ ಬಿದ್ದ ರೊಟ್ಟಿಚೂರು ತಿಂದು, ಗಡಿಗೆ ತೊಳೆದ ನೀರು ನೆಕ್ಕುತ್ತ ಅಲೆಯುತ್ತಾರೆ. ಮಕ್ಕಳನ್ನು ಹೆರುವುದು ಇದೊಂದಕ್ಕೇ ಎಂದು ಸುಕ್ಕಾಯ ಹೇಳುತ್ತಿದ್ದ.

ಆ ವರ್ಷ ಚಂದ್ರನಿಗೆ ಗ್ರಹಣ ಹಿಡಿಯಿತು. ಚಂದ್ರನ ಯಾವ ಕಡೆ ಕಪ್ಪಾಗುತ್ತದೋ ಆ ಕಡೆಯ ದೇಶದ ಅರಸನಿಗೆ ಸಾವು ಎಂದು ಪಂಡಿತರು ಲೆಕ್ಕ ಹಾಕುತ್ತಾರೆ. ಆ ಸಲ ಕಪ್ಪಾದದ್ದು ನಮ್ಮ ಕಡೆ.

ಅರಸ ಎಂದರೆ ಅಶ್ಶೂರ ದೇವರ ಮಗ. ದೇವಿಯ ಮೊಲೆಹಾಲು ಕುಡಿದವನು. ಅಪ್ಪ ಮಗನ ಮೇಲೆ ಮುನಿದಾಗ ಹೀಗೆ ಆಕಾಶದಲ್ಲಿ ತೋರಿಸುತ್ತಾನಂತೆ. ಮುನಿಸು ಯಾರ ಮೇಲಾದರೂ ಇಳಿಯಲೇಬೇಕು. ಮಗನಂತೂ ಉಳಿಯಲೇಬೇಕು. ಅದಕ್ಕೆ ಪಂಡಿತರ ಹತ್ತಿರ ಒಂದು ಹಳೆಯ ದಾರಿ ಇದೆ. ಗದ್ದುಗೆಯ ಮೇಲೆ ಇನ್ನೊಬ್ಬನನ್ನು ಕೂರಿಸುತ್ತಾರೆ. ನಿಜವಾದ ಅರಸ ಅಷ್ಟು ದಿನ ಊರಾಚೆಯ ಜೊಂಡಿನ ಗುಡಿಸಲಿಗೆ ಹೋಗುತ್ತಾನೆ. ಅವನನ್ನು ಯಾರೂ ಅರಸರೇ ಅನ್ನುವುದಿಲ್ಲ, ರೈತರೇ ಅನ್ನುತ್ತಾರೆ. ಗದ್ದುಗೆಯ ಮೇಲಿರುವವನೇ ಅರಸ ಎಂದುಕೊಂಡು ಸಾವು ಅವನನ್ನು ತೆಗೆದುಕೊಂಡು ಹೋಗುತ್ತದೆ. ತೋಟದಲ್ಲಿ ಕೆಲಸದವರು ನಗಾಡಿದರು. ರೈತರಾಗಿದ್ದಾರಲ್ಲ, ಈಗ ಅವರಿಗೂ ಬೆನ್ನುನೋವು ಅಂದರೇನೆಂದು ತಿಳಿಯಲಿ ಅಂದರು. ನಕ್ಕವರಲ್ಲಿ ಅಹೂನಿಯೂ ಒಬ್ಬ.

ಆಮೇಲೆ ತೋಟದ ಮೇಲ್ವಿಚಾರಕ ಅವನತ್ತ ಬೊಟ್ಟು ಮಾಡಿದ. ಹಲ್ಲು ನೆಟ್ಟಗಿವೆ, ಕಾಲು ಕುಂಟಿಲ್ಲ, ಮೈಮೇಲೆ ಹುಣ್ಣಿಲ್ಲ, ಎದುರು ಮಾತಾಡುವವನಲ್ಲ. ಅಷ್ಟು ಸಾಕಾಗಿತ್ತು.

ಅರಮನೆಯ ಮಂತ್ರವಾದಿ ರೆಮಾನ ಮನೆಗೆ ಬಂದ. ಬಿಳಿ ಬಟ್ಟೆ, ಬೋಳಿಸಿದ ಮುಖ. ದಮ್ಕಾಯ ಕೊಟ್ಟ ರೊಟ್ಟಿ ಮುಟ್ಟಲಿಲ್ಲ. ಅಹೂನಿಯನ್ನು ಹೇಗೂ ಕರೆದುಕೊಂಡು ಹೋಗುವವರೇ. ಆದರೆ ಸುಕ್ಕಾಯನಿಂದ ಅವನಿಗೆ ಒಂದು ಕೆಲಸ ಆಗಬೇಕಿತ್ತು.

"ಇನ್ನು ಮೇಲೆ ಇವನ ಅಪ್ಪ ಅಶ್ಶೂರ. ಏತ ಎಳೆಯೋನ ಮಗ ಗದ್ದುಗೆ ಮೇಲೆ ಕೂತ್ರೆ ದೇವರಿಗೆ ಗೊತ್ತಾಗಲ್ವಾ? ನೀನು ಇವನನ್ನ ಬಿಟ್ಟುಕೊಡಬೇಕು. ಬಾಯಲ್ಲಿ ಹೇಳಿದ್ರೆ ಸಾಲದು. ಹೆಂಟೆ ಒಡಿ."

ನಮ್ಮಲ್ಲಿ ಮಗನನ್ನು ಮನೆಯಿಂದ ತೆಗೆಯಬೇಕಾದರೆ ಅಪ್ಪ ಹೊಲದಿಂದ ಒಂದು ಮಣ್ಣಿನ ಹೆಂಟೆ ತಂದು, ನಾಲ್ಕು ಜನರ ಮುಂದೆ ನೆಲಕ್ಕೆ ಬಡಿದು ಒಡೆಯುತ್ತಾನೆ. ಅಪ್ಪನ ಮೇಲೆ ಕೈಮಾಡಿದ ಮಗನಿಗೆ, ಮನೆ ಹಾಳು ಮಾಡಿದ ಮಗನಿಗೆ ಹಾಗೆ ಮಾಡುವುದು. ಒಡೆದ ಹೆಂಟೆ ಹೇಗೆ ಕೂಡುವುದಿಲ್ಲವೋ ಹಾಗೆ ಆ ಮಗನೂ ಮತ್ತೆ ಮನೆಗೆ ಕೂಡುವುದಿಲ್ಲ.

ಬಾನಿತು ಮಾವನ ಹಿಂದೆಯೇ ಕಾಲುವೆ ದಂಡೆಗೆ ಹೋದಳು. ಅವನು ಬಗ್ಗಿ ಹೆಂಟೆ ಆರಿಸುತ್ತಿದ್ದ. ಒಡೆಯಬೇಡಿ ಎಂದು ಕೈ ಮುಗಿದಳು. ಕರೆದುಕೊಂಡು ಹೋಗುವವರು ಹಾಗೇ ಕರೆದುಕೊಂಡು ಹೋಗಲಿ, ನೀವಾಗಿ ಬಿಟ್ಟುಕೊಡಬೇಡಿ ಅಂದಳು. ಸುಕ್ಕಾಯ ಅತ್ತಿತ್ತ ನೋಡಿ ದನಿ ತಗ್ಗಿಸಿದ. ಅವನ ಕಣ್ಣಲ್ಲಿ ಏನೋ ಹೊಳಪಿತ್ತು. ಅದನ್ನು ಅವಳು ಮರೆತಿಲ್ಲ.

"ನೀನು ಸ್ವಲ್ಪ ಯೋಚನೆ ಮಾಡವ್ವ. ಮಗನ ಮೇಲೆ ಸಿಟ್ಟು ಬಂದ್ರೂ ಆ ಅಪ್ಪ ಮಗನನ್ನ ಕೊಲ್ಲಲಿಲ್ಲ. ಉಳಿಯೋಕೆ ದಾರಿ ಇಟ್ಟ. ಹೌದಾ ಇಲ್ವಾ? ನಮ್ಮೋನು ನನ್ನ ಮಗನಾಗಿ ಅಲ್ಲಿ ಕೂತ್ರೆ ಸಾಯ್ತಾನೆ. ಅವನ ಮಗನಾಗಿ ಕೂತ್ರೆ ಇವನಿಗೂ ಒಂದು ದಾರಿ ತೋರಿಸ್ತಾನೆ. ಯಾವ ಅಪ್ಪ ತಾನೇ ಮಗನನ್ನ ಕೊಲ್ತಾನೆ? ನಾನು ಏತದೋನು. ನನ್ನ ಕೈಲಿ ಇವನನ್ನ ಕಾಯೋಕಾಗಲ್ಲ. ಕಾಯೋ ಅಪ್ಪನ ಕೈಗೆ ಕೊಡ್ತಿದೀನಿ."

ಅವನು ಅದನ್ನು ನಂಬಿದ್ದ. ಸುಳ್ಳು ಹೇಳಲಿಲ್ಲ. ಬಾನಿತುವೂ ಅರೆಗಳಿಗೆ ನಂಬಿದಳು. ತಾನೂ ನಂಬಿದ್ದಕ್ಕೇ ಅವನ ಮೇಲೆ ಅವಳಿಗೆ ಹೆಚ್ಚು ಸಿಟ್ಟು.

ಅಂಗಳದಲ್ಲಿ ನೆರೆಯವರು ಸೇರಿದ್ದರು. ಸುಕ್ಕಾಯ ಹೆಂಟೆ ಎತ್ತಿ, ಇವನು ನನ್ನ ಮಗನಲ್ಲ ಎಂದು ಗಟ್ಟಿಯಾಗಿ ಹೇಳಿ ನೆಲಕ್ಕೆ ಬಡಿದ. ಪುಡಿಪುಡಿಯಾಯಿತು. ಇನ್ನು ಆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಯಾರ ಬಾಯಲ್ಲಿ ಬಂದರೂ ಬಂದು ತಿಳಿಸುತ್ತೇನೆ ಎಂದು ರೆಮಾನ ಹೇಳಿಕೊಟ್ಟ ಹಾಗೆ ಆಣೆ ಮಾಡಿದ. ಅಹೂನಿ ಮೂಗು ಸವರಿಕೊಂಡ. ಅಪ್ಪ ಮಗ ಇಬ್ಬರಿಗೂ ಒಂದೇ ಮೂಗು, ಗಿಣಿಯ ಕೊಕ್ಕಿನ ಹಾಗೆ.

"ಅಪ್ಪ ಬದಲಾದ. ಇದನ್ನೇನು ಮಾಡೋದು, ಸ್ವಾಮಿ?"

ಜನ ನಕ್ಕರು. ರೆಮಾನ ನಗಲಿಲ್ಲ. ದಮ್ಕಾಯಳನ್ನು ಯಾರೂ ಏನೂ ಕೇಳಲಿಲ್ಲ. ಅವಳು ಒಲೆಯ ಹತ್ತಿರ ನಿಂತಿದ್ದಳು. ಅಹೂನಿ ಹೊರಡುವಾಗ ಬಾನಿತುವಿಗೆ ಗಿಡ ನೋಡಿಕೋ ಅಂದ. ಮೇಸಾಳ ತಲೆಯ ಮೇಲೆ ಕೈಯಿಟ್ಟ. ಹೋದ.

ಅವಳು ಅವನನ್ನು ಗದ್ದುಗೆಯ ಮೇಲೆ ಒಂದು ಸಲ ನೋಡಿದಳು. ತೋಟದ ಸೊಪ್ಪು ಹೊತ್ತು ಅರಮನೆಯ ಅಡುಗೆಮನೆಗೆ ಹೋಗುವ ಹೆಂಗಸರ ಜೊತೆ ಸೇರಿಕೊಂಡು ಹೋಗಿದ್ದಳು. ದೊಡ್ಡ ಬಾಗಿಲು ತೆರೆದಿತ್ತು. ಒಳಗೆ ಅಹೂನಿ ಕೂತಿದ್ದ. ತಲೆಯ ಮೇಲೆ ಉದ್ದನೆಯ ಕಿರೀಟ. ಉಡುಪಿನ ಅಂಚಿಗೆ ಕೆಟ್ಟ ಶಕುನಗಳನ್ನೆಲ್ಲ ಬರೆದು ಕಟ್ಟಿದ್ದರು. ಪಕ್ಕದಲ್ಲಿ ಒಬ್ಬಳು ಹುಡುಗಿ. ಅರಸನಿದ್ದ ಮೇಲೆ ರಾಣಿ ಬೇಕಲ್ಲ, ಯಾರ ಮನೆಯ ಮಗಳನ್ನೋ ತಂದು ಕೂರಿಸಿದ್ದರು. ಮೈನೆರೆದು ವರ್ಷವೂ ಆಗಿರಲಾರದು. ಅಹೂನಿ ದಾಳಿಂಬೆ ಬಿಡಿಸಿ, ಒಳಗಿನ ಬಿಳಿಸಿಪ್ಪೆ ಒಂದೊಂದೇ ತೆಗೆದು, ಕಾಳುಗಳನ್ನು ಆ ಹುಡುಗಿಯ ಅಂಗೈಗೆ ಹಾಕುತ್ತಿದ್ದ. ಮನೆಯಲ್ಲಿ ಮೇಸಾಳಿಗೆ ಹಾಗೆ ಮಾಡುತ್ತಿದ್ದ. ಬಾನಿತುವಿಗೆ ಮೊದಲು ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚು. ಆ ಹುಡುಗಿಯ ಕೈ ಎಷ್ಟು ಮೆತ್ತಗಿದೆ ಎಂದು ನೋಡಿದಳು. ಅವನು ತಲೆಯೆತ್ತಿ ಇವಳನ್ನು ಕಂಡ. ಕೈ ನಿಂತಿತು. ಕಾವಲಿನವನು ಹೆಂಗಸರನ್ನು ಮುಂದಕ್ಕೆ ದೂಡಿದ.

ಆ ಹುಡುಗಿಯೂ ಅವನ ಜೊತೆಗೇ ಸತ್ತಳು. ಅವಳ ಹೆಸರು ಬಾನಿತುವಿಗೆ ಕಡೆಗೂ ಗೊತ್ತಾಗಲಿಲ್ಲ.

ಅಹೂನಿ ಹೇಗೆ ಸತ್ತ ಎಂದು ಯಾರೂ ಹೇಳಲಿಲ್ಲ. ಅರಸರು ವಿಧಿಯ ಕಡೆಗೆ ಹೋದರು ಎಂದು ಡಂಗುರ ಹೊಡೆಸಿದರು. ಊರಿನವರೆಲ್ಲ ತಲೆಗೂದಲು ಬಿಚ್ಚಿಕೊಂಡು ಬಂದು ಅಳಬೇಕು ಅಂದರು. ಚಟ್ಟದ ಮೇಲೆ ಅರಸನ ಉಡುಪಿನಲ್ಲಿ ಅವನನ್ನು ಮಲಗಿಸಿದ್ದರು. ಮುಖಕ್ಕೆ ಎಣ್ಣೆ ಹಚ್ಚಿ ಹೊಳೆಯುವಂತೆ ಮಾಡಿದ್ದರು. ಅರಸ ಸತ್ತರೆ ನಾವು ಅಪ್ಪಾ ಎಂದು ಅಳುತ್ತೇವೆ. ಅವನು ದೇವರಿಗೆ ಮಗ, ಜನರಿಗೆ ಅಪ್ಪ. ಸುತ್ತ ನಿಂತ ಹೆಂಗಸರು ಎದೆ ಬಡಿದುಕೊಂಡು ಅಪ್ಪಾ, ನಮ್ಮ ಕುರುಬನೇ, ನಮ್ಮನ್ನು ಯಾರ ಕೈಗೆ ಕೊಟ್ಟು ಹೋದೆ ಅನ್ನುತ್ತಿದ್ದರು. ಬಾನಿತು ಬಾಯಿ ತೆರೆದಳು. ಹೆಸರು ಗಂಟಲವರೆಗೆ ಬಂದಿತ್ತು. ಪಕ್ಕದ ಮನೆಯವಳು ಅವಳ ತೋಳು ಚಿವುಟಿದಳು. ಆಗ ಅವಳೂ ಅಪ್ಪಾ ಎಂದೇ ಅತ್ತಳು. ಬೇರೆ ಮಾತಿಗೆ ಅಪ್ಪಣೆಯಿರಲಿಲ್ಲ.

ಹೆಣವನ್ನು ಅರಸರ ಗೋರಿಗಳಿರುವ ಊರಿಗೆ ದೋಣಿಯಲ್ಲಿ ಸಾಗಿಸಿದರು. ಅವನು ಕೂತಿದ್ದ ಗದ್ದುಗೆ, ಉಂಡ ಮಣೆ, ಹಿಡಿದ ಕೋಲು ಎಲ್ಲವನ್ನೂ ಸುಟ್ಟರು. ಗುಡಿಸಲಿನಲ್ಲಿದ್ದ ರೈತ ಸ್ನಾನ ಮಾಡಿ ಮತ್ತೆ ಅರಸನಾದ.

ಸುಕ್ಕಾಯನಿಗೆ ಅರಮನೆಯಿಂದ ಅಂಚು ನೇಯ್ದ ಉಣ್ಣೆಯ ಮೇಲುಹೊದಿಕೆ ಬಂತು. ದಮ್ಕಾಯ ಅದನ್ನು ಬಿಸಿಲಿಗೆ ಹರವಿ ಎಲ್ಲರಿಗೂ ತೋರಿಸಿದಳು. ಮಗ ಹೋದ ದುಃಖ ಅವಳಿಗಿರಲಿಲ್ಲವೆಂದಲ್ಲ. ಅದನ್ನು ಇಟ್ಟುಕೊಳ್ಳಲು ಅವಳಿಗೆ ಒಂದು ಜಾಗ ಬೇಕಿತ್ತು, ಈ ಹೆಮ್ಮೆ ಸಿಕ್ಕಿತು. ಕೇರಿಯ ಒಲೆಯ ಹತ್ತಿರ ರೊಟ್ಟಿ ತಟ್ಟುವಾಗ ನನ್ನ ಹೊಟ್ಟೆಯಲ್ಲಿದ್ದವನು ದೇವಿಯ ತೊಡೆಯ ಮೇಲೆ ಕೂತ ಅನ್ನುತ್ತಿದ್ದಳು. ಹೆಂಗಸರು ಎದುರಿಗೆ ಹೌದು ಹೌದು ಅಂದು, ಅವಳು ಅತ್ತ ಹೋದ ಮೇಲೆ ದೇವರ ಬೀಗಿತ್ತಿ ಹೋದಳು ಎಂದು ನಗುತ್ತಿದ್ದರು.

ಮೊದಲ ಅಮಾವಾಸ್ಯೆ ಬಂತು. ಸುಕ್ಕಾಯ ಕೊಳವೆಯ ಮುಂದೆ ಕೂತ. ಅಪ್ಪನನ್ನು ಕರೆದ. ತಾತನನ್ನು, ಮುತ್ತಾತನನ್ನು ಕರೆದ. ಎರಡು ಕೂಸುಗಳನ್ನು ಕರೆದ. ಗಡಿಗೆ ನೆಟ್ಟಗೆ ಇಟ್ಟು ಎದ್ದ.

"ಮಾವ, ಇನ್ನೂ ಒಬ್ಬರಿದಾರೆ" ಅಂದಳು ಬಾನಿತು.

"ಯಾರೂ ಇಲ್ಲ."

"ಅವರು?"

"ಅವನು ಈ ಮನೆಯೋನಲ್ಲ. ಹೆಂಟೆ ಒಡೆದಿದ್ದನ್ನ ನೀನೂ ನೋಡಿದೀಯ."

ಅವನು ಬಿಡಿಸಿ ಹೇಳಿದ. ಸತ್ತವನು ಅರಸ ಎಂದು ದೇವರು ಒಪ್ಪಿದ್ದಾನೆ, ಮುನಿಸು ತೀರಿದೆ. ಈಗ ಯಾರಾದರೂ ಅವನನ್ನು ತೋಟದವನ ಹೆಸರಿನಿಂದ ಕರೆದರೆ, ಸತ್ತದ್ದು ತೋಟದವನು ಎಂದು ಆ ಮುನಿಸಿಗೆ ಗೊತ್ತಾಗುತ್ತದೆ. ಅದು ಮತ್ತೆ ಎದ್ದು ನಿಜವಾದ ಅರಸನನ್ನು ಹುಡುಕಿಕೊಂಡು ಹೋಗುತ್ತದೆ. ಹೆಸರು ಹೇಳುವುದು ಅರಸನನ್ನು ಕೊಂದ ಹಾಗೆ. ರೆಮಾನ ಹಾಗೆಂದು ಹೇಳಿ ಹೋಗಿದ್ದ.

"ಹಾಗಾದ್ರೆ ಅವರಿಗೆ ನೀರು ಯಾರು ಕೊಡ್ತಾರೆ?"

"ಅವರಪ್ಪ ಕೊಡ್ತಾನೆ" ಎಂದು ಸುಕ್ಕಾಯ ಗುಡಿಯ ಕಡೆ ಕೈ ತೋರಿಸಿದ.

ದಮ್ಕಾಯ ನಡುವೆ ಬಾಯಿ ಹಾಕಿದಳು. ಅರಸರ ಗೋರಿಯಲ್ಲಿ ಕುರಿಮಾಂಸ, ಖರ್ಜೂರದ ಹೆಂಡ ಇರುವಾಗ ನಿನ್ನ ಜವೆರೊಟ್ಟಿಗೆ ಅವನು ಯಾಕೆ ಬರುತ್ತಾನೆ ಅಂದಳು. ಬಾನಿತುವಿಗೆ ತಡೆಯಲಾಗಲಿಲ್ಲ.

"ಅತ್ತೆ, ಅವರು ದೇವರಿಗೆ ಹುಟ್ಟಿದೋರು ಅಂತೀರಲ್ಲ. ಅವರು ಹೊಟ್ಟೇಲಿ ನಿಂತ ವರ್ಷ ನಿಮ್ಮ ಚಾಪೆಗೆ ಬಂದೋರು ಯಾರು? ಮಾವ ಎಲ್ಲಿ ಏತ ಎಳೀತಿದ್ರು?"

ದಮ್ಕಾಯ ಅವಳ ಕೆನ್ನೆಗೆ ಹೊಡೆದಳು. ಸುಕ್ಕಾಯ ಹೊದಿಕೆ ಹೊದ್ದು ಹೊರಗೆ ಹೋದ.

ಬಾನಿತು ರೆಮಾನನ ಮನೆಗೆ ಹೋದಳು. ಅವನು ಅಂಗಳದಲ್ಲಿ ಬೇರುಗಳನ್ನು ಒಣಗಲು ಹರಡುತ್ತಿದ್ದ. ಕೆಟ್ಟವನಲ್ಲ. ಕೂರಲು ಹೇಳಿದ. ಅವಳು ನಿಂತೇ ಕೇಳಿದಳು, ಅವರಿಗೆ ಅಲ್ಲಿ ಊಟ ನಡೆಯುತ್ತಿದೆಯೇ ಎಂದು. ಅರಸರ ಗೋರಿಗಳಿಗೆಲ್ಲ ತಿಂಗಳು ತಿಂಗಳು ನಡೆಯುತ್ತದೆ ಅಂದ.

"ಅವರನ್ನ ಏನಂತ ಕರೀತಾರೆ, ಸ್ವಾಮಿ?"

ಅವನು ಬೇರು ಹರಡುತ್ತಲೇ ಇದ್ದ.

"ಅರಸರ ಹೆಸರು ಹೇಳಿ ಕರೀತಾರಾ?"

"ಅರಸರು ಬದುಕಿದಾರೆ. ಬದುಕಿರೋರ ಹೆಸರು ಹೇಳಿ ಸತ್ತೋರಿಗೆ ನೀರು ಬಿಡ್ತಾರೇನಮ್ಮ? ಬಾಯಿ ತೊಳ್ಕೊ."

"ಅಹೂನಿ ಅಂತ ಕರೀತಾರಾ?"

"ಆ ಹೆಸರಿನೋರು ಅಲ್ಲಿ ಯಾರೂ ಇಲ್ಲ."

"ಮತ್ತೆ ಏನಂತ ಕರೀತಾರೆ?"

ರೆಮಾನ ಕೈ ಒರೆಸಿಕೊಂಡ. ಆಗ ಮೊದಲ ಸಲ ಅವಳ ಮುಖ ನೋಡಿದ. "ಅವನು ಮಾಡಬೇಕಾದ ಕೆಲಸ ಮಾಡಿದ. ದೇಶ ಉಳೀತು. ಮನೆಗೆ ಹೋಗು ತಾಯಿ" ಅಂದ.

ಅವಳಿಗೆ ಅರ್ಥವಾಯಿತು. ಅವನನ್ನು ಯಾರೂ ಕರೆಯುತ್ತಿಲ್ಲ. ಹಳೆಯ ಅರಸರನ್ನೆಲ್ಲ ಅವರವರ ಹೆಸರು ಹೇಳಿ ಕರೆದು ನೀರು ಕೊಡುವಾಗ, ಅವರ ನಡುವೆ ಕಿರೀಟ ಇಟ್ಟುಕೊಂಡು ಮಲಗಿದ ಅಹೂನಿ ಸುಮ್ಮನೆ ನೋಡುತ್ತಿರುತ್ತಾನೆ. ಅರಸನ ನೀರು ಅವನದಲ್ಲ, ತೋಟದವನ ನೀರೂ ಅವನದಲ್ಲ. ಮಗನೇ ಎಂದು ಕರೆದ ದೇವರಿಗೆ ಅವನ ಹೆಸರೇ ಗೊತ್ತಿಲ್ಲ.

ಬೇಸಿಗೆ ಏರುತ್ತಿದ್ದ ಹಾಗೆ ಮೇಸಾಳ ಕಿವಿ ಮೊರೆಯತೊಡಗಿತು. ಊಟ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು ಬಗ್ಗುತ್ತಿದ್ದಳು. ಕಿವಿ ಮೊರೆದರೆ ಸತ್ತವರ ಕೈ ತಗಲಿದೆ ಎಂದೇ ಅರ್ಥ. ದೇವದಾರು ಎಣ್ಣೆ ಬಿಟ್ಟರು, ಹತ್ತಿ ಇಟ್ಟರು, ನಿಲ್ಲಲಿಲ್ಲ. ದಮ್ಕಾಯ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಏನು ಕೇಳಿಸುತ್ತದೆ ಎಂದು ಕೇಳಿದಳು.

"ಯಾರೋ ನೀರು ಕುಡಿಯೋಕೆ ಹೋಗಿ ಬರೀ ಗಾಳಿ ಕುಡೀತಾರೆ, ಅಜ್ಜಿ."

ದಮ್ಕಾಯ ಅವಳ ಕಿವಿಯ ಮೇಲೆ ತನ್ನ ಅಂಗೈ ಮುಚ್ಚಿದಳು. ಮಾರನೆಯ ದಿನ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, ಆ ಮಂತ್ರವಾದಿ ನಿನಗೆ ಏನು ಹೇಳಿದ ಎಂದು ಬಾನಿತುವನ್ನು ಕೇಳಿದಳು. ಅಷ್ಟು ದಿನ ಕೇಳಿರಲಿಲ್ಲ. ಬಾನಿತು ಹೇಳಿದಳು.

"ಏನೂ ಇಲ್ವಾ? ಹೆಂಡ ಹೋಗ್ಲಿ, ನೀರೂ?"

"ಏನೂ ಇಲ್ಲ, ಅತ್ತೆ."

"ಅವನಿಗೆ ಬಾಯಾರಿಕೆ ಜಾಸ್ತಿ ಕಣೆ" ಅಂದಳು ದಮ್ಕಾಯ. ಮತ್ತೆ ಹಿಟ್ಟು ನಾದಿದಳು. ಅವತ್ತಿನಿಂದ ಕೇರಿಯ ಒಲೆಯ ಹತ್ತಿರ ಮಗನ ಮಾತು ನಿಲ್ಲಿಸಿದಳು.

ಇಬ್ಬರೂ ಸೇರಿ ಸುಕ್ಕಾಯನನ್ನು ಹಿಡಿದರು. ಅಬು ತಿಂಗಳು ಹತ್ತಿರವಾಗುತ್ತಿತ್ತು. ಆ ತಿಂಗಳು ಸತ್ತವರೆಲ್ಲ ಮೇಲೆ ಬರುತ್ತಾರೆ, ಪ್ರತಿ ಮನೆಯಲ್ಲೂ ದೊಡ್ಡದಾಗಿ ನೀರು, ರೊಟ್ಟಿ, ಎಣ್ಣೆ ಕೊಡುತ್ತಾರೆ. ಆಗಲಾದರೂ ಕರೆ ಎಂದು ದಮ್ಕಾಯ ಬೇಡಿದಳು. ಬೈದಳು. ಅವನ ರೊಟ್ಟಿಗೆ ಉಪ್ಪು ಹಾಕುವುದನ್ನು ಬಿಟ್ಟಳು. ಸುಕ್ಕಾಯ ಸಪ್ಪೆ ರೊಟ್ಟಿ ತಿಂದುಕೊಂಡೇ ಇದ್ದ. ಏತ ಎಳೆಯುವುದನ್ನು ಬಿಟ್ಟಿದ್ದ, ಬಿಸಿಲಲ್ಲೂ ಉಣ್ಣೆಯ ಹೊದಿಕೆ ಹೊದ್ದು ಕೂರುತ್ತಿದ್ದ. ಒಂದು ದಿನ ಬಾನಿತು ಅವನ ಎದುರಿಗೆ ಕುಕ್ಕರಿಸಿ ಕೂತು, ಆಣೆಗೆ ಹೆದರುತ್ತೀರಾ ಎಂದು ನೇರವಾಗಿ ಕೇಳಿದಳು. ಅವನು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡ.

"ಕಾಯ್ತಾನೆ ಅಂದ್ಕೊಂಡೆ. ಕಾಯಲಿಲ್ಲ. ಈಗ ನಾನು ಅವನನ್ನ ನನ್ನ ಮಗ ಅಂತ ಕರೆದ್ರೆ, ನನ್ನ ಮಗನನ್ನ ನಾನೇ ಕೊಟ್ಟು ಕೊಲ್ಲಿಸಿದ ಹಾಗಾಗತ್ತೆ. ಅವನು ದೇವರ ಮಗನಾಗೇ ಇರ್ಲಿ. ನನ್ನನ್ನ ಬಿಟ್ಟುಬಿಡು."

"ನಿಮಗೆ ಹಗುರ ಆಗ್ಲಿ ಅಂತ ಅವರು ಬಾಯಾರಿ ಅಲೀಬೇಕಾ?"

ಸುಕ್ಕಾಯ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ.

ಅಬು ತಿಂಗಳಲ್ಲಿ ಸತ್ತವರಿಗೆ ಕೊಡುವ ದಿನ ಸಂಜೆ ಎಲ್ಲ ಮನೆಗಳಿಂದಲೂ ಹೆಸರು ಕರೆಯುವ ಸದ್ದು ಬರುತ್ತಿತ್ತು. ಸುಕ್ಕಾಯ ಕೊಳವೆಯ ಮುಂದೆ ಕೂತು ತನ್ನವರನ್ನೆಲ್ಲ ಕರೆದ. ಕಡೆಯ ಕೂಸಿನ ಹೆಸರಾದ ಮೇಲೆ ಗಡಿಗೆ ಕೆಳಗಿಡಲು ಹೋದ. ದಮ್ಕಾಯ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಹೆಂಟೆ ಒಡೆದೋನು ನೀನು. ಆಣೆ ಮಾಡಿದೋನೂ ನೀನು. ನನ್ನನ್ನ ಯಾರು ಕೇಳಿದ್ರು? ನಿನ್ನ ಜಾಗಕ್ಕೆ ದೇವರು ಬಂದ. ನನ್ನ ಜಾಗಕ್ಕೆ ಬಂದು ಹೆತ್ತೋರು ಯಾರೂ ಇಲ್ಲ. ನಾನು ಏನನ್ನೂ ಒಡೆದಿಲ್ಲ."

ಅವಳು ಕೊಳವೆಗೆ ಬಗ್ಗಿ ನೀರು ಬಿಟ್ಟಳು. ಅರ್ಧ ನೆಲಕ್ಕೆ ಚೆಲ್ಲಿತು.

"ಅಹೂನಿ. ದಮ್ಕಾಯಳ ಮಗ. ಬಾರಪ್ಪ, ಕುಡಿ."

ಬಾನಿತು ಪಕ್ಕದಲ್ಲಿ ಕೂತಳು. ಅವಳೂ ಕರೆದಳು. ಮೇಸಾಳ ಕೈಯಲ್ಲೂ ನೀರು ಬಿಡಿಸಿದಳು. ಎಲ್ಲ ಮನೆಗಳ ಕೂಗಿನ ನಡುವೆ ಆ ಹೆಸರು ಯಾರಿಗೂ ಬೇರೆಯಾಗಿ ಕೇಳಿರಲಾರದು. ಒಬ್ಬನಿಗೆ ಬಿಟ್ಟು. ಸುಕ್ಕಾಯ ಗೋಡೆಗೆ ಒರಗಿ ನಿಂತಿದ್ದ. ಹೊದಿಕೆ ಸರಿಮಾಡಿಕೊಂಡು ಮೆಲ್ಲಗೆ ಹೊರಗೆ ಹೋದ. ಕಾಲುವೆಯ ಹತ್ತಿರ ಅಳಲು ಹೋದನೆಂದು ಹೆಂಗಸರು ತಿಳಿದರು.

ಅವನು ಹೋದದ್ದು ರೆಮಾನನ ಮನೆಗೆ. ಯಾರ ಬಾಯಲ್ಲಿ ಬಂದರೂ ತಿಳಿಸುತ್ತೇನೆ ಎಂದು ಆಣೆ ಮಾಡಿದ್ದನಲ್ಲ, ತಿಳಿಸಿದ. ಹೆಂಡತಿಗೂ ಸೊಸೆಗೂ ಬುದ್ಧಿ ಹೇಳುತ್ತಾರೆ, ಹೆಚ್ಚೆಂದರೆ ನಾಲ್ಕು ಏಟು ಹಾಕುತ್ತಾರೆ, ಆಮೇಲೆ ಮನೆ ಶಾಂತವಾಗುತ್ತದೆ ಎಂದು ಅವನು ಎಣಿಸಿದ್ದ. ಹಾಗೆಂದು ಅವನೇ ಆಮೇಲೆ ಹೇಳಿದ್ದು.

ಬೆಳಿಗ್ಗೆ ಅರಮನೆಯ ಆಳುಗಳು ಬಂದರು. ಯಾರನ್ನೂ ಹೊಡೆಯಲಿಲ್ಲ. ಇನ್ನೊಂದು ಸಲ ಹೇಳಿದರೆ ನಾಲಿಗೆ ಇರುವುದಿಲ್ಲ ಎಂದು ಹೆಂಗಸರಿಗೆ ಹೇಳಿದರು, ಅಷ್ಟೇ. ಒಳಕೋಣೆಗೆ ಹೋಗಿ ಕೊಳವೆಯನ್ನು ಅಗೆದು ಎತ್ತಿ ಒಡೆದರು. ಆ ತೂತಿನ ಮೇಲೆ, ನೆಲದ ತುಂಬ ಕುದಿಯುವ ಡಾಂಬರು ಹೊಯ್ದರು. ಹೆಸರು ಹೋಗುವ ದಾರಿಯೇ ಮುಚ್ಚಬೇಕೆಂದು ಅಪ್ಪಣೆಯಂತೆ. ಮನೆಯೆಲ್ಲ ಹೊಗೆ. ಸುಕ್ಕಾಯ ಬಾಗಿಲಲ್ಲಿ ನಿಂತಿದ್ದ. ಏನಾಗುತ್ತಿದೆ ಎಂದು ಅವನಿಗೆ ತಡವಾಗಿ ತಿಳಿಯಿತು.

"ಅಲ್ಲಿ ನನ್ನಪ್ಪ ಇದಾನೆ. ನನ್ನ ತಾತ ಇದಾನೆ. ನಾಳೆ ನಾನು ಹೋಗಬೇಕಾದ ಜಾಗ ಅದು."

ಡಾಂಬರು ಹೊಯ್ಯುತ್ತಿದ್ದವನು, ಮುಚ್ಚು ಅಂದರು ಮುಚ್ಚುತ್ತಿದ್ದೇನೆ ಅಂದ.

ಆಮೇಲೆ ಆ ಮನೆಯಲ್ಲಿ ಯಾರೂ ಅವನೊಡನೆ ಮಾತಾಡಲಿಲ್ಲ. ಹೊತ್ತಿಗೆ ರೊಟ್ಟಿ ಎದುರಿಗೆ ಬರುತ್ತಿತ್ತು. ಉಪ್ಪೂ ಇರುತ್ತಿತ್ತು. ಸುಕ್ಕಾಯ ಮುಂದಿನ ಚಳಿಗಾಲದಲ್ಲಿ ಸತ್ತ. ಕಡೆಯ ದಿನಗಳಲ್ಲಿ ಬಾನಿತುವಿನ ಕೈ ಹಿಡಿದುಕೊಂಡು, ನನ್ನನ್ನು ಕರೆಯುತ್ತೀಯಲ್ಲವಾ ಎಂದು ಕೇಳುತ್ತಿದ್ದ. ಕರೆಯಲು ಅವನಿಗೆ ಗಂಡುಮಕ್ಕಳು ಯಾರೂ ಉಳಿದಿರಲಿಲ್ಲ. ಅವಳು ಕೈ ಬಿಡಿಸಿಕೊಂಡು ಹಣೆಯ ಮೇಲಿನ ಬಟ್ಟೆ ಬದಲಿಸುತ್ತಿದ್ದಳು. ಮನೆಯ ನೆಲ ಕಲ್ಲಿನಂತಾಗಿತ್ತು. ಅವನನ್ನು ಊರ ಗೋಡೆಯಾಚೆ, ಯಾರೂ ಇಲ್ಲದವರನ್ನು ಹೂಳುವಲ್ಲಿ ಹೂಳಿದರು.

ಈಗ ಮೂವರು ಹೆಂಗಸರು ಅಮಾವಾಸ್ಯೆಯ ದಿನ ಪಾತ್ರೆ ತೊಳೆಯುವ ನೆಪದಲ್ಲಿ ಕಾಲುವೆ ದಂಡೆಗೆ ಹೋಗುತ್ತಾರೆ. ಪಾತ್ರೆಯ ಸದ್ದಿನಲ್ಲಿ ತುಟಿ ಅಲ್ಲಾಡಿದ್ದು ಯಾರಿಗೂ ಕಾಣುವುದಿಲ್ಲ. ಬಾನಿತು ಒಂದು ಚಿಕ್ಕ ಗಡಿಗೆ ತುಂಬಿ ಬರಿ ನೆಲಕ್ಕೆ ಬಿಡುತ್ತಾಳೆ. ಮೊದಲು ಎರಡು ಕೂಸುಗಳು, ಆಮೇಲೆ ಅಹೂನಿ, ದಮ್ಕಾಯಳ ಮಗ. ನೀರು ಅವನಿಗೆ ಮುಟ್ಟುತ್ತದೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಕೊಳವೆಯಿಲ್ಲದ ನೀರು, ಹೆಣವಿಲ್ಲದ ಮಣ್ಣು. ಮೇಸಾಳ ಕಿವಿ ಒಂದೊಂದು ತಿಂಗಳು ಸುಮ್ಮನಿರುತ್ತದೆ, ಒಂದೊಂದು ತಿಂಗಳು ಇಲ್ಲ.

ಸುಕ್ಕಾಯ ಹೋದ ಮೇಲಿನ ಮೊದಲ ಅಮಾವಾಸ್ಯೆಗೆ ಅಪ್ಪನ ಹೆಸರಾದ ಕೂಡಲೇ ಮೇಸಾ ಕೇಳಿದಳು.

"ತಾತಂಗೆ?"

ದಮ್ಕಾಯ ತಲೆಯೆತ್ತಿ ಸೊಸೆಯನ್ನು ನೋಡಿದಳು. ತೊಳೆಯುತ್ತಿದ್ದ ತಟ್ಟೆ ಕೈಯಲ್ಲೇ ಇತ್ತು.

ಬಾನಿತು ಗಡಿಗೆಯನ್ನು ತಲೆಕೆಳಗೆ ಮಾಡಿ ತೋರಿಸಿದಳು.

"ನೀರು ಮುಗೀತು" ಅಂದಳು.

ಕಾಲುವೆ ಅವಳ ಕಾಲಬುಡದಲ್ಲೇ ದಡ ತುಂಬಿ ಹರಿಯುತ್ತಿತ್ತು.